ದಾನ ಹೋಗಿ ಡೊನೇಷನ್ ಬಂತು



ನಾನು ಮೂವತ್ತೊಂದು ವರ್ಷ ಪಾಠ ಹೇಳಿದ ಕಾಲೇಜಿನಲ್ಲಿ, ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಒಂದು ಬಿಳಿ ಕಲ್ಲು ಇದೆ. ಹೆಚ್ಚುಕಡಿಮೆ ಆಳೆತ್ತರದ ಕಲ್ಲು. ಅದರ ಮೇಲೆ ಕಟ್ಟಡಕ್ಕೆ ಹಣ ಕೊಟ್ಟವರ ಹೆಸರು ಕೆತ್ತಿದ್ದಾರೆ. ಹೆಸರಿನ ಮುಂದೆ ಮೊತ್ತ. ಮೇಲಿನ ಸಾಲುಗಳಲ್ಲಿ ದೇಸಾಯರು, ಅಡತಿ ಅಂಗಡಿಯ ಸಾವುಕಾರರು. ಐದು ಸಾವಿರ, ಎರಡು ಸಾವಿರ. ಕೆಳಗೆ ಬಂದಂತೆ ಮೊತ್ತವೂ ಇಳಿಯುತ್ತದೆ, ಅಕ್ಷರವೂ ಸಣ್ಣದಾಗುತ್ತದೆ. 101 ರೂಪಾಯಿ. 51 ರೂಪಾಯಿ. ಒಂದು ಸಾಲಿನಲ್ಲಿ ಮನುಷ್ಯರ ಹೆಸರೇ ಇಲ್ಲ. ಒಂದು ಹಳ್ಳಿಯ ಹೆಸರಿದೆ, ಅದರ ಮುಂದೆ ‘ಸಮಸ್ತ ದೈವದವರು’ ಎಂದಿದೆ, ಕೊನೆಗೆ 251. ಊರವರೆಲ್ಲ ಕೂಡಿ ಪಟ್ಟಿ ಎತ್ತಿ ತಂದು ಕೊಟ್ಟ ದುಡ್ಡು. ಸುಗ್ಗಿಯ ಮೇಲೆ ಕೊಟ್ಟಿರಬೇಕು.

ಆ ಕಲ್ಲಿನ ಪಕ್ಕದಲ್ಲಿ ನಾನು ಸಾವಿರಾರು ಸಲ ಹತ್ತಿ ಇಳಿದಿದ್ದೇನೆ. ಓದಿದ್ದು ಮಾತ್ರ ನಿವೃತ್ತಿಯ ದಿನ. ಹಾರ ಹಾಕಿಸಿಕೊಂಡು ಕೆಳಗೆ ಬರುವಾಗ ಮಂಡಿ ನೋಯುತ್ತಿತ್ತು, ನಿಂತೆ. ನಿಂತವನು ಓದಿದೆ. ಇವತ್ತಿನ ಮಾತು ಹುಟ್ಟಿದ್ದು ಅಲ್ಲಿ.

ವಿಷಯ, ಉನ್ನತ ಶಿಕ್ಷಣದ ಖಾಸಗೀಕರಣ. ಖಾಸಗಿ ವಿಶ್ವವಿದ್ಯಾಲಯಗಳು ಬೆಳೆದ ಬಗೆ. ದೊಡ್ಡ ವಿಷಯ, ಕೊಟ್ಟಿರುವ ವೇಳೆ ಸಣ್ಣದು. ಅದಕ್ಕೇ ಒಂದೇ ಪ್ರಶ್ನೆ ಹಿಡಿದು ಹೊರಡುತ್ತೇನೆ. ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿತ್ತು? ಈಗ ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿದೆ?

ಮೊದಲು ಒಂದು ಶಬ್ದದ ವಿಚಾರ. ಡೊನೇಷನ್. ಇಂಗ್ಲಿಷಿನವರಿಗೆ ಅದು ದಾನ. ನಮಗೆ ಹಾಗಲ್ಲ. ‘ಮಗನ ಸೀಟಿಗೆ ಡೊನೇಷನ್ ಎಷ್ಟಾಯಿತು?’ ಎಂದು ನಾವು ಕೇಳುತ್ತೇವೆ. ದಾನ ಎಷ್ಟಾಯಿತು ಎಂದು ಯಾರೂ ಕೇಳುವುದಿಲ್ಲ. ದಾನ ಉಳ್ಳವನು ಇಲ್ಲದವನಿಗೆ ಕೊಡುವಂಥದ್ದು. ಡೊನೇಷನ್ ಇಲ್ಲದವನು ಉಳ್ಳವನಿಗೆ ಕೊಡುವಂಥದ್ದು. ನಿಘಂಟು ಏನೇ ಹೇಳಲಿ, ಕನ್ನಡದ ಜನ ಆ ಶಬ್ದವನ್ನು ತಲೆಕೆಳಗು ಮಾಡಿ ಬಳಸಿದರು. ಅನುಭವ ತಲೆಕೆಳಗಾಗಿತ್ತು, ಶಬ್ದವೂ ಆಯಿತು.

ಈಗ ಕಲ್ಲಿನ ಕಾಲಕ್ಕೆ ಹೋಗೋಣ.

ಖಾಸಗಿ ಕಾಲೇಜು ನಿನ್ನೆ ಮೊನ್ನೆ ಬಂದದ್ದಲ್ಲ. ಕರ್ನಾಟಕದ ಮಟ್ಟಿಗಂತೂ ಅಲ್ಲ. 1916ನ್ನು ನೋಡಿ. ಆ ವರ್ಷ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ಅದು ಅರಮನೆಯ, ಸರ್ಕಾರದ ಕೆಲಸ. ಅದೇ ವರ್ಷ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಎಂಬ ಖಾಸಗಿ ಶಿಕ್ಷಣ ಸಂಸ್ಥೆ ಹುಟ್ಟಿತು. ಅಲ್ಲಿ ಅರಮನೆ ಇರಲಿಲ್ಲ, ದಿವಾನರು ಇರಲಿಲ್ಲ. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಮೊದಲಾದ ಏಳು ಜನ ಮುಂದೆ ನಿಂತರು. ನಮ್ಮ ಕಡೆ ಜನ ಅವರನ್ನು ಸಪ್ತರ್ಷಿಗಳು ಎಂದೇ ಕರೆಯುತ್ತಾರೆ. ಮೊದಲು ಕಟ್ಟಿದ್ದು ಶಾಲೆ. ಕಾಲೇಜು ಬಂದದ್ದು 1933ರಲ್ಲಿ, ಲಿಂಗರಾಜ ಕಾಲೇಜು.

ಆ ಲಿಂಗರಾಜ ಯಾರು? ಸಿರಸಂಗಿಯ ದೇಸಾಯರು. 1906ರಲ್ಲಿ ತೀರಿಕೊಂಡರು. ಕಾಲೇಜು ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚೆ. ಹೋಗುವ ಮುಂಚೆ ತಮ್ಮ ಆಸ್ತಿಯನ್ನು ಹುಡುಗರ ಓದಿಗೆಂದು ಬರೆದಿಟ್ಟರು. ಹೊಲ, ಮನೆ, ಸಂಸ್ಥಾನದ ಉತ್ಪನ್ನ. ಅದು ದಾನ. ಕೊಟ್ಟವರು ಕಾಲೇಜನ್ನು ನೋಡಲಿಲ್ಲ. ಓದಿದ ಹುಡುಗರು ಕೊಟ್ಟವರನ್ನು ನೋಡಲಿಲ್ಲ.

ಇನ್ನೊಂದು ಬಗೆಯ ದಾನ ಊಟದ್ದು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳು ಉಚಿತ ಪ್ರಸಾದ ನಿಲಯ ನಡೆಸಿದರು. ತುಮಕೂರಿನ ಸಿದ್ಧಗಂಗೆಯ ಮಾತು ನಾಡಿಗೇ ಗೊತ್ತು. ಸ್ವಾಮಿಗಳು ಜೋಳಿಗೆ ಹಿಡಿದು ಹೋದರು, ಹಳ್ಳಿಯವರು ದವಸ ಹಾಕಿದರು, ಹುಡುಗರು ಉಂಡು ಓದಿದರು. ಬೇರೆ ಊರುಗಳಲ್ಲಿ ವಾರಾನ್ನ ಇತ್ತು. ಸೋಮವಾರ ಇವರ ಮನೆ, ಮಂಗಳವಾರ ಅವರ ಮನೆ. ಉಂಡವರು ಮುಂದೆ ಜಡ್ಜರಾದರು, ಡಾಕ್ಟರಾದರು, ಮಂತ್ರಿಗಳಾದರು.

ಇದನ್ನು ಬರೀ ಹಾಡಿ ಹೊಗಳಿ ಬಿಡುವಂತಿಲ್ಲ. ಆ ದಾನಕ್ಕೆ ಜಾತಿಯ ಬೇಲಿ ಇತ್ತು. ಲಿಂಗಾಯತರ ಬೋರ್ಡಿಂಗು, ಒಕ್ಕಲಿಗರ ಹಾಸ್ಟೆಲು, ಬ್ರಾಹ್ಮಣರ ವಾರಾನ್ನ. ಎಲ್ಲರಿಗೂ ಬಾಗಿಲು ತೆರೆದ ಮಠಗಳಿದ್ದವು, ನಿಜ. ಆದರೂ ದಲಿತರ ಹುಡುಗನಿಗೆ, ಯಾವ ದೊಡ್ಡ ಸಮಾಜದ ಬೆಂಬಲವೂ ಇಲ್ಲದ ಸಣ್ಣ ಕಸುಬಿನವರ ಹುಡುಗನಿಗೆ, ಆ ಕಲ್ಲಿನ ಮೇಲೆ ತನ್ನವರ ಹೆಸರು ಸಿಗುತ್ತಿರಲಿಲ್ಲ. ಹುಡುಗಿಯರ ಮಾತಂತೂ ಬಹಳ ತಡವಾಗಿ ಬಂತು. ಸರ್ಕಾರಿ ಕಾಲೇಜು, ಸರ್ಕಾರಿ ಹಾಸ್ಟೆಲು ಬಂದ ಮೇಲೆಯೇ ಅವರಲ್ಲಿ ಬಹುಪಾಲು ಜನ ಕಾಲೇಜಿನ ಮೆಟ್ಟಿಲು ಹತ್ತಿದ್ದು. ದಾನದ ಕಾಲವನ್ನು ನೆನೆಯುವವರು ಇದನ್ನೂ ನೆನೆಯಬೇಕು. ನಾನೂ ಅಂಥದೊಂದು ಬೋರ್ಡಿಂಗಿನಲ್ಲಿ ಉಂಡವನೇ, ಆದ್ದರಿಂದ ಹೇಳುವ ಹಕ್ಕಿದೆ ಎಂದುಕೊಂಡಿದ್ದೇನೆ.

ಇಷ್ಟರವರೆಗೆ ಹೇಳಿದ್ದರ ಸಾರ ಇದು. ಖಾಸಗಿ ಎಂಬುದು ಹಳೆಯದು. ಆದರೆ ಆಗ ದುಡ್ಡು ಸಮಾಜದಿಂದ ವಿದ್ಯಾರ್ಥಿಯ ಕಡೆಗೆ ಹರಿಯುತ್ತಿತ್ತು. ಬೇಲಿ ಇತ್ತು, ಆದರೆ ಹರಿವಿನ ದಿಕ್ಕು ಅದು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಇಂಥ ಕಾಲೇಜುಗಳಿಗೆ ಅನುದಾನ ಕೊಟ್ಟಿತು. ಮೇಷ್ಟ್ರ ಸಂಬಳ ಸರ್ಕಾರದ್ದು, ಕಟ್ಟಡ ಸಂಸ್ಥೆಯದ್ದು. ನನ್ನ ಸಂಬಳವೂ ಹಾಗೆಯೇ ಬಂದದ್ದು. ಖಾಸಗಿ ಕಾಲೇಜಿನ ಮೇಷ್ಟ್ರು, ಸರ್ಕಾರದ ಸಂಬಳ. ಈ ಬೆರಕೆಯನ್ನು ಮರೆತು ಖಾಸಗೀಕರಣದ ಚರ್ಚೆ ಮಾಡಿದರೆ ದಾರಿ ತಪ್ಪುತ್ತದೆ.

ಈಗ ಮುಂದಿನ ಮಾತು. ದಿಕ್ಕು ಬದಲಾದದ್ದು ಎಲ್ಲಿ?

ಕರಾವಳಿಗೆ ಹೋಗೋಣ. ಮಣಿಪಾಲ. ಆಗ ಬೋಳು ಗುಡ್ಡ. 1953ರಲ್ಲಿ ಡಾಕ್ಟರ್ ಟಿ.ಎಂ.ಎ. ಪೈ ಅವರು ಅಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಶುರು ಮಾಡಿದರು. ಸರ್ಕಾರದ ದುಡ್ಡಿಲ್ಲದೆ, ವಿದ್ಯಾರ್ಥಿಗಳು ಕೊಡುವ ದುಡ್ಡಿನ ಮೇಲೆ ನಡೆಯುವ ಮೆಡಿಕಲ್ ಕಾಲೇಜು ಎಂಬುದು ದೇಶಕ್ಕೇ ಹೊಸ ಮಾತು. ಇದೇ ಪೈಗಳು ಸಿಂಡಿಕೇಟ್ ಬ್ಯಾಂಕ್ ಕಟ್ಟಿದವರಲ್ಲಿ ಒಬ್ಬರು. ಆ ಬ್ಯಾಂಕಿನ ಪಿಗ್ಮಿ ಠೇವಣಿ ನಿಮಗೆ ನೆನಪಿರಬಹುದು. ಏಜೆಂಟರು ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆ ಕೇಳಿ ಒಯ್ಯುತ್ತಿದ್ದರು. ಮೀನು ಮಾರುವವಳ ಎರಡಾಣೆ, ಹೋಟೆಲ್ ಮಾಣಿಯ ಎರಡಾಣೆ. ಸಣ್ಣ ಸಣ್ಣ ದುಡ್ಡು ಕೂಡಿಸಿದರೆ ದೊಡ್ಡ ಕೆಲಸ ಆಗುತ್ತದೆ ಎಂಬ ಲೆಕ್ಕ ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ಕಾಲೇಜಿನಲ್ಲೂ ಅದೇ ಲೆಕ್ಕ ಹಾಕಿದರು. ಒಬ್ಬ ದೇಸಾಯರ ಆಸ್ತಿ ಬೇಡ, ನೂರು ಜನ ತಂದೆಯರ ದುಡ್ಡು ಸಾಕು.

ಇದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಆ ಜಿಲ್ಲೆಯಲ್ಲಿ ಮೆಡಿಕಲ್ ಕಾಲೇಜು ತೆರೆಯುವ ಶಕ್ತಿ ಆಗ ಸರ್ಕಾರಕ್ಕಿರಲಿಲ್ಲ. ಕಾಲೇಜು ಬಂತು, ಆಸ್ಪತ್ರೆ ಬಂತು. ಆದರೆ ಒಂದು ಸಂಗತಿ ಗಮನಿಸಿ. ಆ ಕಾಲೇಜಿನ ಹುಡುಗರು ರೋಗಿಗಳನ್ನು ನೋಡಿ ಕಲಿತದ್ದರಲ್ಲಿ ಒಂದು ಪಾಲು ಮಂಗಳೂರಿನ ವೆನ್‌ಲಾಕ್‌ನಲ್ಲಿ. ವೆನ್‌ಲಾಕ್ ಸರ್ಕಾರಿ ಆಸ್ಪತ್ರೆ. ಖಾಸಗಿಯ ಬೆನ್ನಿಗೆ ಸರ್ಕಾರದ ಒರಗು ಮೊದಲಿನಿಂದಲೂ ಇದೆ. ರೋಗಿಗಳು ಬಡವರು, ಆಸ್ಪತ್ರೆ ಸರ್ಕಾರದ್ದು, ಫೀ ತಂದೆಯದ್ದು, ಕಾಲೇಜು ಖಾಸಗಿಯದ್ದು.

ಮಣಿಪಾಲದಲ್ಲಿ ಆದದ್ದನ್ನು ನೋಡಿ ಉಳಿದವರೂ ಕಲಿತರು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಊರೂರಿಗೆ ಇಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜು. ಕೆಲವು ಮಠದವು, ಕೆಲವು ಸಂಘದವು, ಕೆಲವು ರಾಜಕಾರಣಿಗಳವು. ಉತ್ತರ ಭಾರತದಿಂದ ರೈಲು ತುಂಬಿ ಹುಡುಗರು ಬಂದರು. ಆಗಲೇ ಡೊನೇಷನ್ ಎಂಬ ಶಬ್ದ ತಲೆಕೆಳಗಾದದ್ದು. ‘ಡೊನೇಷನ್ ಹಾವಳಿ’ ಎಂದು ಪತ್ರಿಕೆಗಳು ಬರೆದವು. ಹಾವಳಿ ಎಂದರೆ ನಮಗೆ ಕಾಡುಹಂದಿಯದ್ದು, ಆನೆಯದ್ದು. ದಾನದ ಹಾವಳಿ ಎಂಬುದನ್ನು ಕನ್ನಡ ಅಲ್ಲಿವರೆಗೆ ಕಂಡಿರಲಿಲ್ಲ.

ಸರ್ಕಾರ 1984ರಲ್ಲಿ ಕಾಯ್ದೆ ಮಾಡಿತು. ಕ್ಯಾಪಿಟೇಷನ್ ಶುಲ್ಕ, ಅಂದರೆ ನಾವು ಹೇಳುವ ಡೊನೇಷನ್, ನಿಷೇಧ. ಕಾಯ್ದೆಯ ಕೆಳಗೆ 1989ರಲ್ಲಿ ಖಾಸಗಿ ಮೆಡಿಕಲ್ ಕಾಲೇಜಿನ ವಾರ್ಷಿಕ ಬೋಧನಾ ಶುಲ್ಕ ಗೊತ್ತು ಮಾಡಿತು. ಈ ಮೂರು ಅಂಕಿ ಕೇಳಿಸಿಕೊಳ್ಳಿ. ಸರ್ಕಾರಿ ಸೀಟಿನ ಹುಡುಗನಿಗೆ 2 ಸಾವಿರ. ಕರ್ನಾಟಕದ ಉಳಿದ ಹುಡುಗರಿಗೆ 25 ಸಾವಿರ. ಹೊರ ರಾಜ್ಯದವರಿಗೆ 60 ಸಾವಿರ. ಒಂದೇ ತರಗತಿ, ಒಂದೇ ಬೆಂಚು, ಮೂರು ದರ.

ಮೀರತ್‌ನ ಒಬ್ಬ ಹುಡುಗಿಗೆ ತುಮಕೂರಿನ ಒಂದು ಕಾಲೇಜು 60 ಸಾವಿರದ ಲೆಕ್ಕ ತೋರಿಸಿತು. ಅದರ ಮೇಲೆ ನಾಲ್ಕೂವರೆ ಲಕ್ಷ ಕೇಳಿದರು ಎಂಬುದು ಅವಳ ದೂರು. ಕಾಲೇಜು ಇಲ್ಲವೆಂದಿತು. ಹುಡುಗಿ ಸುಪ್ರೀಂ ಕೋರ್ಟಿಗೆ ಹೋದಳು. ಅದೇ 1992ರ ಮೋಹಿನಿ ಜೈನ್ ಪ್ರಕರಣ. ಶಿಕ್ಷಣ ನಾಗರಿಕರ ಹಕ್ಕು, ಕ್ಯಾಪಿಟೇಷನ್ ಸಂವಿಧಾನಕ್ಕೆ ವಿರುದ್ಧ ಎಂದು ಕೋರ್ಟು ಹೇಳಿತು. ತೀರ್ಪಿನ ವಿಶೇಷ ಏನೆಂದರೆ, ಸರ್ಕಾರವೇ ಗೊತ್ತು ಮಾಡಿದ ಆ 60 ಸಾವಿರವನ್ನೂ ಕೋರ್ಟು ಕ್ಯಾಪಿಟೇಷನ್ ಎಂದೇ ಎಣಿಸಿತು. ಅದು ಶುಲ್ಕದ ವೇಷದ ಡೊನೇಷನ್ ಎಂದು ಕಂಡುಹಿಡಿಯಿತು. ಈ ಮಾತನ್ನು ನೆನಪಿನಲ್ಲಿಡಿ, ಮತ್ತೆ ಬೇಕಾಗುತ್ತದೆ.

ಮರುವರ್ಷ ಅದೇ ಕೋರ್ಟಿನ ಉನ್ನಿಕೃಷ್ಣನ್ ತೀರ್ಪು. ಅದರಿಂದ ಎರಡು ಶಬ್ದ ನಮ್ಮ ಮನೆಗೆ ಬಂದವು. ಫ್ರೀ ಸೀಟು, ಪೇಮೆಂಟ್ ಸೀಟು. ಅರ್ಧ ಹುಡುಗರು ಹೆಚ್ಚು ಕೊಡಬೇಕು, ಅದರ ಬಲದಿಂದ ಉಳಿದರ್ಧ ಹುಡುಗರು ಕಡಿಮೆ ಕೊಟ್ಟು ಓದಬೇಕು. 1994ರಲ್ಲಿ ಸಿಇಟಿ, ಅಂದರೆ ಎಲ್ಲರಿಗೂ ಒಂದೇ ಪ್ರವೇಶ ಪರೀಕ್ಷೆ, ಶುರುವಾಯಿತು. ಬೆಂಗಳೂರಿನ ಕೌನ್ಸೆಲಿಂಗ್ ಹಾಲಿನಲ್ಲಿ ಕೂತು, ರ‍್ಯಾಂಕ್ ಕೂಗಿದಾಗ ಎದ್ದು ಹೋಗಿ ಸೀಟು ಆರಿಸಿದ ನೆನಪು ನಿಮ್ಮಲ್ಲಿ ಎಷ್ಟೋ ಜನರಿಗೆ ಇರಬಹುದು. ಹಳ್ಳಿಯ ರ‍್ಯಾಂಕ್ ವಿದ್ಯಾರ್ಥಿ ಒಂದು ರೂಪಾಯಿ ಡೊನೇಷನ್ ಇಲ್ಲದೆ ಇಂಜಿನಿಯರ್ ಆದ ಕಾಲ ಅದು. ನನ್ನ ಓರಗೆಯ ಮೇಷ್ಟ್ರುಗಳ ಮಕ್ಕಳು ಅಮೆರಿಕಕ್ಕೆ ಹೋದದ್ದು ಬಹುಪಾಲು ಈ ದಾರಿಯಲ್ಲಿ.

ಆದರೆ ಅದರಲ್ಲೂ ಒಂದು ಕೊರತೆ ಇತ್ತು. ಫ್ರೀ ಸೀಟು ಯಾರಿಗೆ ಸಿಗುತ್ತಿತ್ತು? ಟ್ಯೂಷನ್ನಿಗೆ ಹೋದ ಪೇಟೆಯ ಹುಡುಗನಿಗೆ. ಪೇಮೆಂಟ್ ಸೀಟಿಗೆ ಯಾರು ಹೋದರು? ರ‍್ಯಾಂಕ್ ಸ್ವಲ್ಪ ಹಿಂದೆ ಬಿದ್ದ ಹಳ್ಳಿಯ ಹುಡುಗ, ಅಪ್ಪನ ಹೊಲ ಅಡವಿಟ್ಟು. ಹೀಗೂ ಆಯಿತು. 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳು ಕೂತು ಈ ಏರ್ಪಾಡನ್ನು ರದ್ದು ಮಾಡಿದಾಗ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಆ ಪ್ರಕರಣದ ಹೆಸರು ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ರಾಜ್ಯ. ಮಣಿಪಾಲದ ಗುಡ್ಡದಿಂದ ಹೊರಟ ದಾರಿ ದೆಹಲಿಯ ಹನ್ನೊಂದು ಜನರ ಪೀಠಕ್ಕೆ ಮುಟ್ಟಿತು. ಕಾಲೇಜು ನಡೆಸುವುದು ಸಂವಿಧಾನ ಕೊಟ್ಟ ಹಕ್ಕು, ಫೀ ಗೊತ್ತು ಮಾಡುವುದು ಮೊದಲಿಗೆ ಸಂಸ್ಥೆಯ ಕೆಲಸ ಎಂದಿತು ತೀರ್ಪು. ಲಾಭಕೋರತನ ಕೂಡದು, ಡೊನೇಷನ್ ಕೂಡದು, ಆದರೆ ಸಂಸ್ಥೆ ಬೆಳೆಯಲು ಬೇಕಾದಷ್ಟು ಮಿಗತೆ ಇರಬಹುದು ಎಂದೂ ಹೇಳಿತು. ಮಿಗತೆಗೂ ಲಾಭಕ್ಕೂ ನಡುವಿನ ಗೆರೆ ಎಲ್ಲಿ? ಅದನ್ನು ಸಮಿತಿಗಳು ಇವತ್ತಿಗೂ ಎಳೆಯುತ್ತಲೇ ಇವೆ, ಅಳಿಸುತ್ತಲೇ ಇವೆ.

ಮತ್ತೊಮ್ಮೆ ನೆನಪು ಮಾಡಿಕೊಡುತ್ತೇನೆ. ಮೊದಲು ದಾನ. ಆಮೇಲೆ ಡೊನೇಷನ್. ಅದನ್ನು ತಡೆಯಲು ಕಾಯ್ದೆ, ಕೋರ್ಟು, ಸಿಇಟಿ. ಆಮೇಲೆ ಫೀ ಗೊತ್ತು ಮಾಡುವ ಹಕ್ಕು. ಇಲ್ಲಿಂದ ಖಾಸಗಿ ವಿಶ್ವವಿದ್ಯಾಲಯಕ್ಕೆ ಒಂದೇ ಹೆಜ್ಜೆ.

ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ ವ್ಯತ್ಯಾಸ ಏನು? ಕಾಲೇಜು ಪಾಠ ಹೇಳುತ್ತದೆ. ಏನು ಪಾಠ ಹೇಳಬೇಕೆಂಬುದನ್ನು, ಹುಡುಗ ಕಲಿತನೋ ಇಲ್ಲವೋ ಎಂಬುದನ್ನು ಬೇರೆಯವರು ನೋಡುತ್ತಾರೆ. ಅಡುಗೆ ಒಬ್ಬರದು, ರುಚಿ ನೋಡುವ ನಾಲಿಗೆ ಇನ್ನೊಬ್ಬರದು. ವಿಶ್ವವಿದ್ಯಾಲಯವಾದರೆ ಅಡುಗೆಯವನೇ ರುಚಿ ನೋಡಿ, ಅಡುಗೆ ಚೆನ್ನಾಗಿದೆ ಎಂದು ತಾನೇ ಬರೆದುಕೊಡುತ್ತಾನೆ. ಒಳ್ಳೆಯ ಅಡುಗೆಯವನಿಗೆ ಇದು ಸ್ವಾತಂತ್ರ್ಯ. ಹಳೆಯ ಪಠ್ಯದ ಕಾಟ ಇಲ್ಲ, ಪರೀಕ್ಷೆ ಮುಂದೆ ಹೋಗುವ ಕಾಟ ಇಲ್ಲ, ಆರು ತಿಂಗಳು ಬಾರದ ಅಂಕಪಟ್ಟಿಯ ಕಾಟ ಇಲ್ಲ. ಸರ್ಕಾರಿ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಬಾಗಿಲಲ್ಲಿ ಒಮ್ಮೆ ನಿಂತವರಿಗೆ ಈ ಸ್ವಾತಂತ್ರ್ಯದ ಬೆಲೆ ಗೊತ್ತು. ಕೆಟ್ಟ ಅಡುಗೆಯವನಿಗೆ ಇದೇ ಸ್ವಾತಂತ್ರ್ಯ ಬೇರೆ ಕೆಲಸಕ್ಕೆ ಬರುತ್ತದೆ.

ಛತ್ತೀಸ್‌ಗಢದಲ್ಲಿ ಆದದ್ದು ಅದೇ. 2002ರಲ್ಲಿ ಆ ರಾಜ್ಯ ಒಂದು ಕಾಯ್ದೆ ಮಾಡಿತು. ಗೆಜೆಟ್‌ನಲ್ಲಿ ಒಂದು ಅಧಿಸೂಚನೆ ಸಾಕು, ವಿಶ್ವವಿದ್ಯಾಲಯ ತಯಾರು. ಎರಡು ಮೂರು ವರ್ಷದಲ್ಲಿ ನೂರಕ್ಕೂ ಹೆಚ್ಚು ಹುಟ್ಟಿದವು. ಎಷ್ಟಕ್ಕೋ ಜಾಗ ಇಲ್ಲ, ಕಟ್ಟಡ ಇಲ್ಲ. ಕೆಲವು ಒಂದೇ ಕೋಣೆಯವು. ವಿಜ್ಞಾನಿ, ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧ್ಯಕ್ಷರಾಗಿದ್ದ ಪ್ರೊಫೆಸರ್ ಯಶಪಾಲ್ ಕೋರ್ಟಿಗೆ ಹೋದರು. 2005ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯ ಮುಖ್ಯ ಕಲಮುಗಳನ್ನು ಹೊಡೆದುಹಾಕಿತು. ಅವುಗಳ ಕೆಳಗೆ ಹುಟ್ಟಿದ ವಿಶ್ವವಿದ್ಯಾಲಯಗಳೆಲ್ಲ ಒಂದೇ ದಿನ ಇಲ್ಲವಾದವು.

ಕರ್ನಾಟಕ ಆ ದಾರಿ ಹಿಡಿಯಲಿಲ್ಲ. ಇಲ್ಲಿ ಪ್ರತಿಯೊಂದಕ್ಕೂ ವಿಧಾನಮಂಡಲದಲ್ಲಿ ಬೇರೆ ಬೇರೆ ಕಾಯ್ದೆ ಆಗಬೇಕು. 2010ರಲ್ಲಿ ಅಲಯನ್ಸ್ ವಿಶ್ವವಿದ್ಯಾಲಯಕ್ಕೆ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಕ್ಕೆ ಕಾಯ್ದೆಗಳಾದವು. ಅಲ್ಲಿಂದ ಈಚೆಗೆ ಎರಡು ಡಜನ್‌ಗೂ ಮೇಲೆ. ಬಹುಪಾಲು ಬೆಂಗಳೂರಿನ ಸುತ್ತಮುತ್ತ. ಹುಬ್ಬಳ್ಳಿಯ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು 1947ರದ್ದು, ಅದು ಈಗ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ. ಕಲಬುರಗಿಯಲ್ಲಿ ಶರಣಬಸವ ವಿಶ್ವವಿದ್ಯಾಲಯ, ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯ. ಅಂದರೆ ದಾನದಿಂದ ಹುಟ್ಟಿದ ಹಳೆಯ ಸಂಸ್ಥೆಗಳೂ ಈ ದಾರಿಗೆ ಬಂದವು. ದೇಶದಲ್ಲಿ ಒಟ್ಟು ಖಾಸಗಿ ವಿಶ್ವವಿದ್ಯಾಲಯಗಳು ನಾನೂರಕ್ಕೂ ಹೆಚ್ಚು.

ಇವೆಲ್ಲ ಒಂದೇ ಎನ್ನುವುದು ಅನ್ಯಾಯ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಹಿಂದೆ ಇರುವುದು ಒಬ್ಬ ಉದ್ಯಮಿ ಬಿಟ್ಟುಕೊಟ್ಟ ದತ್ತಿ. ಬಡ ಹುಡುಗರಿಗೆ ಅಲ್ಲಿ ವಿದ್ಯಾರ್ಥಿವೇತನ ಇದೆ. ಅದು ಹೊಸ ಕಾಲದ ಸಿರಸಂಗಿ. ಹುಡುಕಿದರೆ ಅಂಥವು ಇನ್ನೊಂದೆರಡು ಸಿಕ್ಕಾವು. ಉಳಿದವು ಮಿಗತೆಯ ಮೇಲೆ ನಿಂತವು. ಗುರುತು ಹಿಡಿಯುವುದಕ್ಕೆ ಒಂದು ಸುಲಭದ ದಾರಿ ಹೇಳುತ್ತೇನೆ. ಅಲ್ಲಿ ಕನ್ನಡ ಎಂ.ಎ. ಇದೆಯೇ, ಇತಿಹಾಸ ಇದೆಯೇ, ಭೌತವಿಜ್ಞಾನದ ಸಂಶೋಧನೆ ಇದೆಯೇ ಎಂದು ಕೇಳಿ. ಕಂಪ್ಯೂಟರ್ ಸೈನ್ಸಿನ ಹತ್ತು ಸೆಕ್ಷನ್ ಇದ್ದು ಇವು ಯಾವುವೂ ಇಲ್ಲದಿದ್ದರೆ, ಅದು ದೊಡ್ಡ ಬೋರ್ಡು ಹಾಕಿಕೊಂಡ ಇಂಜಿನಿಯರಿಂಗ್ ಕಾಲೇಜು. ಕೆಲವರು ಸಿಟ್ಟಾದಾರು, ಆಗಲಿ.

ಒಂದಿಷ್ಟು ಅಂಕಿ. ದೇಶದ ನೂರು ಕಾಲೇಜಿನಲ್ಲಿ ಸುಮಾರು 78 ಖಾಸಗಿ. ಅದರಲ್ಲಿ ನನ್ನ ಕಾಲೇಜಿನಂಥ ಅನುದಾನಿತ ಕಾಲೇಜು 13. ಉಳಿದ 65 ಪೂರ್ತಿ ಫೀ ಮೇಲೆ ನಡೆಯುವವು. ಒಂದು ಲಕ್ಷ ಹರೆಯದವರಿಗೆ ಎಷ್ಟು ಕಾಲೇಜು ಎಂಬ ಲೆಕ್ಕದಲ್ಲಿ ಕರ್ನಾಟಕ ದೇಶಕ್ಕೇ ಮುಂದು. ಇಲ್ಲಿ ಅರವತ್ತಕ್ಕೂ ಹೆಚ್ಚು, ದೇಶದ ಸರಾಸರಿ ಮೂವತ್ತರ ಆಸುಪಾಸು. ಬೆಂಗಳೂರು ನಗರ ಜಿಲ್ಲೆ ಒಂದರಲ್ಲೇ ಸಾವಿರಕ್ಕೂ ಮೇಲೆ.

ಹಾಗಾದರೆ ಸರ್ಕಾರ ಏನು ಮಾಡುತ್ತಿದೆ? ಖಾಸಗಿ ಬೆಳೆದದ್ದು ತನ್ನ ಬಲದಿಂದ ಮಾತ್ರ ಅಲ್ಲ. ಸರ್ಕಾರ ಹಿಂದೆ ಸರಿದು ಕೊಟ್ಟ ಜಾಗದಲ್ಲಿ ಬೆಳೆಯಿತು. ಅನುದಾನಿತ ಕಾಲೇಜಿನಲ್ಲಿ ನಾನು ನಿವೃತ್ತನಾದ ಮೇಲೆ ನನ್ನ ಹುದ್ದೆ ತುಂಬಲೇ ಇಲ್ಲ. ಅರ್ಥಶಾಸ್ತ್ರ ವಿಭಾಗದಲ್ಲಿ ನಾಲ್ಕು ಕುರ್ಚಿ ಇದ್ದವು. ಈಗ ಒಂದರ ಮೇಲೆ ಒಬ್ಬ ಅತಿಥಿ, ಉಳಿದವುಗಳ ಮೇಲೆ ಹಳೆ ಉತ್ತರ ಪತ್ರಿಕೆ. ರಾಜ್ಯದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಸುಮಾರು 430. ಅವುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು. ನಮ್ಮ ಮನೆಗೆ ಅತಿಥಿ ಬಂದರೆ ಒಂದೆರಡು ದಿನ ಇರುತ್ತಾನೆ. ಇವರು ಹದಿನೈದು, ಇಪ್ಪತ್ತು ವರ್ಷದ ಅತಿಥಿಗಳು. ರಜೆ ಬಂದರೆ ಸಂಬಳ ಇಲ್ಲ. ಇವರ ಪಾಠದ ಮೇಲೆಯೇ ಬಡವರ ಮಕ್ಕಳ ಬಿ.ಎ., ಬಿ.ಕಾಂ. ನಡೆಯುತ್ತಿದೆ.

ಇನ್ನೊಂದು ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. 2023ರಲ್ಲಿ ಸರ್ಕಾರ ಒಂದೇ ಸಲಕ್ಕೆ ಏಳು ಹೊಸ ವಿಶ್ವವಿದ್ಯಾಲಯ ತೆರೆಯಿತು. ಹಾಸನ, ಚಾಮರಾಜನಗರ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್. ಒಂದೊಂದಕ್ಕೆ ಇಟ್ಟ ದುಡ್ಡು 2 ಕೋಟಿ. 2 ಕೋಟಿಗೆ ಬೆಂಗಳೂರಿನಲ್ಲಿ ಒಂದು ಒಳ್ಳೆಯ ಮನೆ ಸಿಗುವುದು ಕಷ್ಟ. ಎರಡು ವರ್ಷ ಕಳೆಯುವುದರಲ್ಲಿ, 2025ರ ಫೆಬ್ರುವರಿಯಲ್ಲಿ, ಮಂತ್ರಿಗಳ ಉಪಸಮಿತಿ ಇವು ಮತ್ತು ಆ ಸುಮಾರಿಗೆ ಹುಟ್ಟಿದ ಬೇರೆ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಟ್ಟು ಒಂಬತ್ತನ್ನು ಮುಚ್ಚಿ ಹಳೆಯವಕ್ಕೆ ಸೇರಿಸೋಣ ಎಂದಿತು. ತೆರೆದದ್ದು ಒಂದು ಪಕ್ಷ, ಮುಚ್ಚೋಣ ಎಂದದ್ದು ಇನ್ನೊಂದು. ದುಡ್ಡು ಕೊಡೋಣ ಎಂದದ್ದು ಯಾವುದೂ ಅಲ್ಲ. ಶಿಕ್ಷಣಕ್ಕೆ ದೇಶದ ಆದಾಯದ ನೂರಕ್ಕೆ ಆರರಷ್ಟು ಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಬರೆದುಕೊಟ್ಟಿತ್ತು. 2020ರ ಶಿಕ್ಷಣ ನೀತಿಯೂ ಅದೇ ಆರನ್ನು ಮತ್ತೆ ಬರೆಯಿತು.

ಈಗ ಕೊನೆಯ ಭಾಗ. ಇದುವರೆಗೆ ನಾಡಿನ ಮಾತಾಯಿತು. ಒಂದು ಮನೆಯ ಮಾತು ಹೇಳುತ್ತೇನೆ.

ಹೋದ ವರ್ಷ ಜೂನ್‌ನಲ್ಲಿ ನನ್ನ ಹಳೆ ವಿದ್ಯಾರ್ಥಿ ಒಬ್ಬ ಮನೆಗೆ ಬಂದ. ಸವದತ್ತಿ ಕಡೆಯವನು, ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟು ಹೊಲ ಹಿಡಿದವನು. ಜೊತೆಗೆ ಮಗಳು. ಹುಡುಗಿಗೆ ಸಿಇಟಿ ರ‍್ಯಾಂಕ್ ಬಂದಿತ್ತು, ತೀರ ಒಳ್ಳೆಯದೂ ಅಲ್ಲ, ತೀರ ಕೆಟ್ಟದ್ದೂ ಅಲ್ಲ. ಸರ್ಕಾರಿ ಕಾಲೇಜಿನ ಕಂಪ್ಯೂಟರ್ ಸೀಟಿಗೆ ಸಾಲದು. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನೂರಕ್ಕೆ ನಲವತ್ತು ಸೀಟು ಸಿಇಟಿಗೆ ಬರುತ್ತವೆ. ಅದೂ ಕೈಗೆ ಹತ್ತುವಂತಿರಲಿಲ್ಲ. ಉಳಿದದ್ದು ಸಂಸ್ಥೆಯವರೇ ತುಂಬುವ ಸೀಟು. ಆ ಫೀ ಪಟ್ಟಿಯನ್ನು ಮಗಳು ಮೊಬೈಲಿನಲ್ಲಿ ತೆಗೆದು ನನ್ನ ಮುಂದೆ ಹಿಡಿದಳು. ನಾನು ಗಟ್ಟಿಯಾಗಿ ಓದುತ್ತ ಹೋದೆ. ಬೋಧನಾ ಶುಲ್ಕ. ವಿಶ್ವವಿದ್ಯಾಲಯ ಶುಲ್ಕ. ಪ್ರಯೋಗಾಲಯ ಶುಲ್ಕ. ಕೌಶಲ ತರಬೇತಿ ಶುಲ್ಕ. ಪ್ಲೇಸ್‌ಮೆಂಟ್ ತಯಾರಿ ಶುಲ್ಕ. ಹಾಸ್ಟೆಲು, ಬಸ್ಸು, ಬ್ಲೇಜರು. ಎಂಟು ಸಾಲು.

ಅವನು ಟೊಪ್ಪಿಗೆ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡಿದ್ದ. ಪೂರ್ತಿ ಕೇಳಿಸಿಕೊಂಡು ಕೇಳಿದ:

“ಗುರುಗಳ, ಇದರಾಗ ಡೊನೇಷನ್ ಯಾವುದರಿ?”

“ಡೊನೇಷನ್ ಇಲ್ಲಪಾ. ಅದನ್ನ ತಗೊಳ್ಳಾಕ ಬರೂದಿಲ್ಲ, ಕಾಯ್ದೆ ಐತಿ. ಇದೆಲ್ಲಾ ಫೀ.”

“ಹಂಗಾರ ಇಷ್ಟ್ಯಾಕರಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಥಶಾಸ್ತ್ರದ ಮೇಷ್ಟ್ರು ನಾನು. 1992ರ ಆ ತೀರ್ಪು ನೆನಪಾಯಿತು. ಶುಲ್ಕದ ವೇಷದ ಡೊನೇಷನ್ ಎಂದಿದ್ದರಲ್ಲ. ಈಗ ವೇಷವೂ ಬೇಕಿಲ್ಲ. ಮೇಜಿನ ಕೆಳಗಿನಿಂದ ಹೋಗುತ್ತಿದ್ದ ದುಡ್ಡು ಮೇಜಿನ ಮೇಲೆ ಬಂದಿದೆ. ಎಂಟು ಸಾಲಿನಲ್ಲಿ ಹಂಚಿಕೊಂಡು ಕೂತಿದೆ, ಪ್ರತಿ ಸಾಲಿಗೂ ರಸೀದಿ ಇದೆ. ಲಂಚದಂಥದ್ದು ಲೆಕ್ಕಕ್ಕೆ ಸಿಕ್ಕಿತಲ್ಲ, ಅಷ್ಟರಮಟ್ಟಿಗೆ ಒಳ್ಳೆಯದೇ ಎನ್ನುವವರಿದ್ದಾರೆ. ಕಪ್ಪು ಹಣ ಬಿಳಿಯಾಯಿತು, ನಿಜ. ಹೊರೆ ಹಗುರಾಗಲಿಲ್ಲ.

ನಾಲ್ಕು ವರ್ಷದ್ದು ಕೂಡಿಸಿದೆವು. ಹನ್ನೆರಡು ಲಕ್ಷ ದಾಟಿತು. ಬ್ಯಾಂಕಿನ ವಿದ್ಯಾಸಾಲಕ್ಕೆ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡವು ಬೇಕಿಲ್ಲ. ಅದರ ಮೇಲಾದರೆ ಆಸ್ತಿ ಕಾಗದ ಇಡಬೇಕು. ಇದನ್ನು ನಾನು ಹೇಳುವ ಮುಂಚೆಯೇ ಅವನು ಚೀಲದಿಂದ ಹೊಲದ ಉತಾರ ತೆಗೆದು ಮೇಜಿನ ಮೇಲಿಟ್ಟ. ತಯಾರಾಗಿಯೇ ಬಂದಿದ್ದ. ಕೇಳಲು ಬಂದದ್ದು ಸಲಹೆಯನ್ನಲ್ಲ, ಧೈರ್ಯವನ್ನು.

ನಾನು ಬೇರೆ ದಾರಿ ಹೇಳಿ ನೋಡಿದೆ. ಧಾರವಾಡದಲ್ಲಿ ಬಿ.ಎಸ್ಸಿ. ಓದಲಿ, ಆಮೇಲೆ ಎಂ.ಸಿ.ಎ. ಮಾಡಲಿ. ಫೀ ಬಹಳ ಕಡಿಮೆ. ಹುಡುಗಿ ತಲೆ ಎತ್ತಿ ಕೇಳಿದಳು, “ಸರ್, ಅಲ್ಲಿ ಪಾಠ ಹೇಳಾಕ ಮಂದಿ ಅದಾರನ್ರಿ?” ನಮ್ಮ ಕಾಲೇಜಿನ ನಾಲ್ಕು ಕುರ್ಚಿಗಳು ಕಣ್ಣ ಮುಂದೆ ಬಂದವು. ಸುಮ್ಮನಾದೆ.

ಆಗಸ್ಟ್‌ನಲ್ಲಿ ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬೆಂಗಳೂರಿನಿಂದ ವಾಪಸ್ ಬರುವಾಗ ಅವನು ಮತ್ತೆ ನಮ್ಮ ಮನೆಗೆ ಬಂದ. ವಿಶ್ವವಿದ್ಯಾಲಯ ಹೇಗಿದೆ ಎಂದು ಕೇಳಿದೆ. ಚಲೋ ಐತರಿ ಎಂದ. ಗಾಜಿನ ಕಟ್ಟಡ, ನೆಲ ಎಷ್ಟು ನುಣುಪು ಅಂದರೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದನಂತೆ. ಮಗಳು ಬೈದಳಂತೆ. ಪಾಠವೂ ಸರಿಯಾಗಿ ನಡೆಯುತ್ತದೆ, ಮೊದಲನೇ ದಿನವೇ ಪರೀಕ್ಷೆಯ ತಾರೀಖು ಸಹ ಕೊಟ್ಟುಬಿಟ್ಟರಂತೆ.

ಚಹಾ ಕುಡಿದ ಮೇಲೆ ಅವನು ಒಂದು ಮಾತು ತೆಗೆದ. ನಮ್ಮ ಕಾಲೇಜಿನ ಆ ಕಲ್ಲಿನ ಮೇಲೆ, ಕೆಳಗಿನಿಂದ ನಾಲ್ಕನೇ ಸಾಲಿನಲ್ಲಿ, 51 ರೂಪಾಯಿ ಎಂದು ಇರುವುದು ಅವನ ಮುತ್ಯಾನ ಹೆಸರಂತೆ. ಕಾಲೇಜು ಸೇರಿದ ದಿನ ಅವರಪ್ಪ ಅವನನ್ನು ಕರೆದುಕೊಂಡು ಬಂದು, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ್ದರಂತೆ. ಇಷ್ಟು ವರ್ಷ ನನಗೆ ಹೇಳಿರಲಿಲ್ಲ.

“ಅಲ್ಲೂ ಗ್ವಾಡಿ ಎಲ್ಲಾ ನೋಡಿಕೋತ ಹೋದ್ಯಾರಿ ಗುರುಗಳ. ಒಂದೂ ಹೆಸರಿಲ್ಲ. ಮುತ್ಯಾ ಐವತ್ತೊಂದು ಕೊಟ್ಟದ್ದಕ್ಕ ಕಲ್ಲಿನ್ಯಾಗ ಬರದಾರ, ನಾ ಹನ್ನೆರಡು ಲಕ್ಷ ಕೊಡಾಕತ್ತೇನಿ, ನನ್ನ ಹೆಸರ ಎಲ್ಲಿ ಬರೀತಾರವ್ವಾ ಅಂತ ಮಗಳಿಗೆ ಕೇಳಿದೆ.”

“ಏನಂದಳು?”

“ರಸೀದಿ ಮ್ಯಾಲ ಐತಲ್ಲಪ್ಪಾ ಅಂದ್ಲರಿ.”

ಹೇಳಿ, ಅಂಗಿಯ ಒಳಜೇಬಿನಿಂದ ಅದನ್ನು ತೆಗೆದು ತೋರಿಸಿದ. ಓದಿದೆ. ಮಗಳ ಹೆಸರಿತ್ತು.